ಕಿತ್ತುಬಂದ ಯುಎಸ್‌ಬಿ ಕನೆಕ್ಟರ್: ಇಎಸ್‌ಪಿ32 ಬೋರ್ಡನ್ನು ಮನೆಯಲ್ಲೇ ಸರಿಮಾಡುವ ಬಗೆ

ವೈಫೈ ಇರುವ, ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಇಎಸ್‌ಪಿ32 ಬೋರ್ಡಿನಲ್ಲಿ ಮೊದಲು ಕೈಕೊಡುವುದು ಚಿಪ್ ಅಲ್ಲ, ಮೈಕ್ರೋ ಯುಎಸ್‌ಬಿ ಕನೆಕ್ಟರ್. ಪ್ರಾಜೆಕ್ಟ್ ಮಾಡುವಾಗ ದಿನಕ್ಕೆ ಎಷ್ಟೋ ಸಲ ಕೇಬಲ್ ಚುಚ್ಚಿ ತೆಗೆಯುತ್ತೇವೆ. ಮೇಜಿನಿಂದ ಜೋತುಬಿದ್ದ ಕೇಬಲ್ಲಿಗೆ ಯಾರದೋ ಕಾಲು ತಾಗುತ್ತದೆ. ಒಂದು ದಿನ ಕೇಬಲ್ ಎಳೆದರೆ ಅದರ ತುದಿಯಲ್ಲೇ ಕನೆಕ್ಟರ್ ಕೂಡ ಬಂದುಬಿಡುತ್ತದೆ. ಅಷ್ಟಕ್ಕೇ ಬೋರ್ಡನ್ನು ಕಸಕ್ಕೆ ಹಾಕುವವರು ಬಹಳ ಜನ. ಅದರಲ್ಲಿರುವ ಪ್ರೊಸೆಸರ್, ವೈಫೈ, ಮೆಮೊರಿ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಹಾಳಾಗಿರುವುದು ಕೆಲವೇ ರೂಪಾಯಿಯ ಒಂದು ತಗಡಿನ ತುಂಡು ಮಾತ್ರ.

ಮೈಕ್ರೋ ಯುಎಸ್‌ಬಿ ದುರ್ಬಲ ಎಂದು ಬೈಯುವುದು ವಾಡಿಕೆ. ಆದರೆ 2007ರಲ್ಲಿ ಇದು ಬಂದಾಗಲೇ 10,000 ಸಲ ಚುಚ್ಚಿ ತೆಗೆದರೂ ಬಾಳಬೇಕು ಎಂಬ ಲೆಕ್ಕದಲ್ಲಿ ಮಾಡಿದ್ದರು. ಅದಕ್ಕೂ ಹಿಂದಿನ ಮಿನಿ ಯುಎಸ್‌ಬಿಗೆ ಇದ್ದ ಲೆಕ್ಕ 5,000. ಹಾಗಾಗಿ ಸವೆದು ಹಾಳಾಗುವುದಕ್ಕಿಂತ ಬೋರ್ಡಿನಿಂದ ಕಿತ್ತುಬರುವುದೇ ಜಾಸ್ತಿ. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಕನೆಕ್ಟರಿನ ಲೋಹದ ಕವಚವನ್ನು ಬೋರ್ಡಿನ ಮೇಲ್ಮೈಗೆ ಮಾತ್ರ ಬೆಸೆದಿರುತ್ತಾರೆ, ಅದರ ಕಾಲುಗಳು ತೂತಿನೊಳಗೆ ಇಳಿದಿರುವುದಿಲ್ಲ. ಕೇಬಲ್ಲಿನ ಎಳೆತವನ್ನೆಲ್ಲ ಹೊರುವುದು ಸುಮಾರು 35 ಮೈಕ್ರಾನ್ ದಪ್ಪದ ತಾಮ್ರದ ಹಾಳೆ. ನಮ್ಮ ತಲೆಕೂದಲಿಗಿಂತ ತೆಳು ಅದು.

ಇಡೀ ರಿಪೇರಿಯಲ್ಲಿ ಕಾಪಾಡಬೇಕಾದದ್ದು ಈ ತಾಮ್ರವನ್ನು. ಕನೆಕ್ಟರ್ ಹೊಸದು ಸಿಗುತ್ತದೆ, ಬೋರ್ಡಿನ ಮೇಲಿನ ತಾಮ್ರದ ಪ್ಯಾಡ್, ಅಂದರೆ ಪಿನ್ನು ಬೆಸೆಯುವ ಚಿಕ್ಕ ಜಾಗ, ಹೋದರೆ ಹೊಸದು ಸಿಗುವುದಿಲ್ಲ. ಕೆಳಗೆ ಹೇಳುವ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲು ಖಚಿತ ಮಾಡಿಕೊಳ್ಳಿ

ಕನೆಕ್ಟರ್ ಕಿತ್ತು ಕೈಗೇ ಬಂದಿದ್ದರೆ ಅನುಮಾನವೇ ಇಲ್ಲ. ಆದರೆ "ಕಂಪ್ಯೂಟರಿಗೆ ಬೋರ್ಡು ಕಾಣಿಸುತ್ತಿಲ್ಲ" ಎಂಬುದಷ್ಟೇ ದೂರಾಗಿದ್ದರೆ ಬೆಸೆಯುವ ಸೋಲ್ಡರಿಂಗ್ ಐರನ್ ಬಿಸಿಗಿಡುವ ಮುಂಚೆ ಕೇಬಲ್ ಬದಲಿಸಿ ನೋಡಿ. ಬ್ಲೂಟೂತ್ ಸ್ಪೀಕರ್, ಟ್ರಿಮ್ಮರ್ ಇಂಥವುಗಳ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿಂಗ್‌ಗೆ ಬೇಕಾದ ಎರಡೇ ವೈರ್ ಇರುತ್ತವೆ, ಡೇಟಾ ವೈರ್ ಇರುವುದೇ ಇಲ್ಲ. ಅಂಥ ಕೇಬಲ್ ಹಾಕಿದರೆ ಬೋರ್ಡಿನ ಕೆಂಪು ದೀಪ ಹತ್ತುತ್ತದೆ, ಕಂಪ್ಯೂಟರಿನಲ್ಲಿ ಅದರ ಪೋರ್ಟ್ ಮಾತ್ರ ಬರುವುದಿಲ್ಲ. ಫೋನಿನಿಂದ ಕಂಪ್ಯೂಟರಿಗೆ ಫೋಟೊ ಕಳಿಸಲು ಬರುವ ಕೇಬಲ್ ಇದ್ದರೆ ಅದರಲ್ಲೇ ಪರೀಕ್ಷೆ ಮಾಡಿ.

ಕೇಬಲ್ ಸರಿ ಇದ್ದರೆ, ಅದನ್ನು ಚುಚ್ಚಿ ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ. ದೀಪ ಹತ್ತಿ ಆರಿ ಮಾಡಿದರೆ ಬೆಸುಗೆ ಬಿರುಕು ಬಿಟ್ಟಿದೆ ಎಂದರ್ಥ. ಫೋನಿನ ಕ್ಯಾಮೆರಾ ಝೂಮ್ ಮಾಡಿ ಕನೆಕ್ಟರಿನ ಹಿಂದಿರುವ ಐದು ಸಣ್ಣ ಪಿನ್ನುಗಳನ್ನು ನೋಡಿ. ಬಿರುಕು ಬಿಟ್ಟ ಬೆಸುಗೆಯ ಸುತ್ತ ತೆಳುವಾದ ಕಪ್ಪು ಗೆರೆ ಕಾಣುತ್ತದೆ. ಒಳ್ಳೆಯ ಭೂತಗನ್ನಡಿ ಇದ್ದರೆ ಇನ್ನೂ ಸುಲಭ.

ಬೋರ್ಡು ಬದುಕಿದೆಯಾ ಎಂದು ತಿಳಿಯಲು ಯುಎಸ್‌ಬಿ ಬೇಕಾಗಿಲ್ಲ. ವಿನ್ (VIN) ಎಂದು ಬರೆದಿರುವ ಪಿನ್ನಿಗೆ 5 ವೋಲ್ಟ್, ಜಿಎನ್‌ಡಿ (GND) ಪಿನ್ನಿಗೆ ಗ್ರೌಂಡ್ ಕೊಡಿ. 3ವಿ3 (3V3) ಪಿನ್ನಿನಲ್ಲಿ 3.3 ವೋಲ್ಟ್ ಬಂದು ಹಿಂದೆ ಹಾಕಿದ ಪ್ರೋಗ್ರಾಂ ಓಡಿದರೆ ಬೋರ್ಡು ಚೆನ್ನಾಗಿದೆ. ವಿನ್ ಮತ್ತು 3ವಿ3 ಪಿನ್ನುಗಳನ್ನು ಅದಲುಬದಲು ಮಾಡಬೇಡಿ. 3ವಿ3 ಪಿನ್ನಿಗೆ 5 ವೋಲ್ಟ್ ಹೋದರೆ ಅದು ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ದಾಟದೆ ನೇರವಾಗಿ ಚಿಪ್ಪಿಗೇ ಹೋಗುತ್ತದೆ, ಆಮೇಲೆ ಯಾವ ರಿಪೇರಿಯೂ ಉಳಿಯುವುದಿಲ್ಲ.

ಇಲ್ಲೇ ಒಂದು ಮಾತು. ಆ ಬೋರ್ಡಿನಲ್ಲಿ ವೈಫೈ ಮೂಲಕವೇ ಪ್ರೋಗ್ರಾಂ ಹಾಕುವ ಒಟಿಎ ವ್ಯವಸ್ಥೆಯನ್ನು ಮೊದಲೇ ಸೇರಿಸಿದ್ದರೆ ಕನೆಕ್ಟರ್ ರಿಪೇರಿಯ ಅವಸರವೇ ಇಲ್ಲ. ವಿನ್ ಪಿನ್ನಿಗೆ ಕರೆಂಟ್ ಕೊಟ್ಟು ಕೆಲಸ ಮುಂದುವರಿಸಬಹುದು. ಗೋಡೆಗೆ ಕೂರಿಸಿದ ಸೆನ್ಸರ್, ತೋಟದ ಪಂಪ್ ಟೈಮರ್ ಮೊದಲಾದವಕ್ಕೆ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಐದು ಪಿನ್ನುಗಳಲ್ಲಿ ಯಾವುದು ಯಾವುದು

ಮೈಕ್ರೋ ಯುಎಸ್‌ಬಿಯ ಪಿನ್ನುಗಳು ಸಾಲಾಗಿ ಹೀಗಿವೆ: 1 ವಿಬಸ್, ಅಂದರೆ 5 ವೋಲ್ಟ್. 2 ಡಿ ಮೈನಸ್. 3 ಡಿ ಪ್ಲಸ್. 4 ಐಡಿ. 5 ಗ್ರೌಂಡ್. ಒಂದು ಪಿನ್ನಿನ ನಡುವಿಂದ ಮುಂದಿನದರ ನಡುವಿಗೆ 0.65 ಮಿಲಿಮೀಟರ್ ದೂರ.

ಬೋರ್ಡನ್ನು ಯಾವ ಕಡೆಯಿಂದ ನೋಡಿದರೆ ಯಾವುದು ಮೊದಲನೆಯದು ಎಂದು ತಲೆಕೆಡಿಸಿಕೊಳ್ಳಬೇಡಿ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ, ಅಂದರೆ ಬೀಪ್ ಬರುವ ಜಾಗಕ್ಕೆ ತಿರುಗಿಸಿ. ಒಂದು ಕಡ್ಡಿಯನ್ನು ಬೋರ್ಡಿನ ಜಿಎನ್‌ಡಿ ಪಿನ್ನಿಗೆ ಇಟ್ಟು ಇನ್ನೊಂದನ್ನು ಸಾಲಿನ ಎರಡೂ ಕೊನೆಯ ಪ್ಯಾಡ್‌ಗಳಿಗೆ ತಾಗಿಸಿ. ಬೀಪ್ ಬಂದ ಕೊನೆಯೇ ಗ್ರೌಂಡ್. ಅದಕ್ಕೆ ಎದುರಿನ ಕೊನೆ 5 ವೋಲ್ಟ್. 5 ವೋಲ್ಟಿನ ಪಕ್ಕದ್ದು ಡಿ ಮೈನಸ್, ಅದರ ಪಕ್ಕ ಡಿ ಪ್ಲಸ್. ಒಂದು ಹಾಳೆಯಲ್ಲಿ ಚಿತ್ರ ಬರೆದಿಟ್ಟುಕೊಳ್ಳಿ, ಫೋಟೊ ಕೂಡ ತೆಗೆದಿಡಿ. ಬಿಸಿ ಮಾಡಿ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಅಂಟು ಪದಾರ್ಥ) ಎಲ್ಲ ಹರಡಿದ ಮೇಲೆ ಯಾವ ಕಡೆ ಏನಿತ್ತು ಎಂಬುದು ನಿಜಕ್ಕೂ ಮರೆತುಹೋಗುತ್ತದೆ.

ಐಡಿ ಪಿನ್ನು ಇಂಥ ಬೋರ್ಡಿಗೆ ಬೇಕಾಗಿಲ್ಲ. ಫೋನಿಗೆ ಪೆನ್‌ಡ್ರೈವ್ ಚುಚ್ಚುವ ಒಟಿಜಿಯಂಥ ಕೆಲಸಕ್ಕೆ ಇಟ್ಟ ಪಿನ್ನು ಅದು. ಆ ಪ್ಯಾಡ್ ಕಿತ್ತುಹೋಗಿದ್ದರೆ ಚಿಂತೆ ಬೇಡ, ಹಾಗೆಯೇ ಬಿಡಿ.

ಬೇಕಾಗುವ ಸಾಮಾನು

ಟೆಂಪರೇಚರ್ ಹೊಂದಿಸಲು ಬರುವ ಸೋಲ್ಡರಿಂಗ್ ಐರನ್ ಇರಲಿ. ಸೀಸ ಇರುವ 63/37 ಅಥವಾ 60/40 ಸೋಲ್ಡರ್ (ಅಂಕಿಗಳು ತವರ ಮತ್ತು ಸೀಸದ ಪ್ರಮಾಣ), ಸಾಧ್ಯವಾದಷ್ಟು ತೆಳುವಾದದ್ದು, 0.5 ಮಿಲಿಮೀಟರ್ ಸಿಕ್ಕರೆ ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಕೆಲಸದ ಫ್ಲಕ್ಸ್, ಕರಗಿದ ಸೋಲ್ಡರ್ ಹೀರುವ ತಾಮ್ರದ ಹೆಣಿಗೆ ಪಟ್ಟಿಯಾದ ಡಿಸೋಲ್ಡರಿಂಗ್ ವಿಕ್, ಚೂಪು ತುದಿಯ ಟ್ವೀಜರ್, ಮಲ್ಟಿಮೀಟರ್, ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಹಳೆಯ ಹಲ್ಲುಜ್ಜುವ ಬ್ರಷ್. ಬಿಸಿಗಾಳಿಯ ರೀವರ್ಕ್ ಸ್ಟೇಷನ್ ಇದ್ದರೆ ಕೆಲಸ ಹಗುರ, ಇಲ್ಲದಿದ್ದರೂ ಆಗುತ್ತದೆ.

ಇದರಲ್ಲಿ ಯಾವುದಕ್ಕೆ ಕಾಸು ಉಳಿಸಿದರೂ ಫ್ಲಕ್ಸಿಗೆ ಉಳಿಸಬೇಡಿ. ಸೋಲ್ಡರ್ ಚೆನ್ನಾಗಿ ಹರಿಯದೆ ಗಡ್ಡೆ ಕಟ್ಟುವುದು, ಎರಡು ಪಿನ್ನು ಅಂಟಿಕೊಳ್ಳುವುದು, ಐರನ್ ಜಾಸ್ತಿ ಹೊತ್ತು ಇಟ್ಟು ಪ್ಯಾಡ್ ಏಳುವುದು, ಇವುಗಳಲ್ಲಿ ಹೆಚ್ಚಿನವು ಫ್ಲಕ್ಸ್ ಸಾಲದೆ ಆಗುವ ತೊಂದರೆಗಳು. ಆದರೆ ಪೈಪು, ತಗಡು ಬೆಸೆಯಲು ಮಾರುವ ಆಸಿಡ್ ಫ್ಲಕ್ಸ್ ಬೇಡ. ಅದು ನಿಧಾನವಾಗಿ ತಾಮ್ರವನ್ನು ತಿಂದುಹಾಕುತ್ತದೆ.

ಕನೆಕ್ಟರ್ ಕೊಳ್ಳುವಾಗ "ಮೈಕ್ರೋ ಯುಎಸ್‌ಬಿ ಕೊಡಿ" ಎಂದರೆ ಸಾಲದು. ಕವಚದ ಕಾಲುಗಳ ನಡುವಿನ ಅಂತರ, ಕಾಲು ತೂತಿಗೆ ಇಳಿಯುತ್ತದೋ ಮೇಲೇ ಕೂರುತ್ತದೋ ಎಂಬುದು ಒಂದೊಂದರಲ್ಲಿ ಒಂದೊಂದು ಥರ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗೋ ನಿಮ್ಮೂರಿನ ಮೊಬೈಲ್ ಸ್ಪೇರ್ ಅಂಗಡಿಗೋ ಹೋಗುವಾಗ ಹಳೆಯ ಕನೆಕ್ಟರ್ ಮತ್ತು ಬೋರ್ಡು ಎರಡನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಇಟ್ಟು ನೋಡಿ. ನಾಲ್ಕೈದು ಒಟ್ಟಿಗೆ ತನ್ನಿ.

ಬ್ಯಾಟರಿ ಜೋಡಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ಕಿಟಕಿ ತೆರೆದಿಡಿ, ಹೊಗೆ ಮುಖಕ್ಕೆ ಬರದಂತೆ ಸಣ್ಣ ಫ್ಯಾನ್ ಇಡಿ. ಸೀಸದ ಸೋಲ್ಡರ್ ಮುಟ್ಟಿದ ಕೈಯಲ್ಲಿ ಏನನ್ನೂ ತಿನ್ನಬೇಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಅಡುಗೆಮನೆಯ ಕಟ್ಟೆ, ಊಟದ ಮೇಜು ಇದಕ್ಕೆ ಬೇಡವೇ ಬೇಡ.

ಅಲ್ಲಾಡುತ್ತಿದೆ, ಆದರೆ ಕಿತ್ತುಬಂದಿಲ್ಲ

ಇದು ಸುಲಭದ ರಿಪೇರಿ. ಹಳೆಯ ಬೆಸುಗೆಯ ಮೇಲೆ ಫ್ಲಕ್ಸ್ ಹಚ್ಚಿ. ಐರನ್ 350 ಡಿಗ್ರಿಗೆ ಇಡಿ. ಮೊದಲು ಕವಚದ ನಾಲ್ಕು ಕಾಲುಗಳಿಗೆ ಒಂದೊಂದಾಗಿ ಹೊಸ ಸೋಲ್ಡರ್ ಕೊಡಿ. ಕವಚ ಗ್ರೌಂಡಿನ ದೊಡ್ಡ ತಾಮ್ರಕ್ಕೆ ಸೇರಿರುವುದರಿಂದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಸ್ವಲ್ಪ ಅಗಲವಾದ ತುದಿ ಬೇಕಾಗುತ್ತದೆ. ಆಮೇಲೆ ಸಣ್ಣ ತುದಿಯಿಂದ ಐದು ಪಿನ್ನುಗಳನ್ನು ಒಂದೊಂದಾಗಿ ತಾಗಿಸಿ. ಹಳೆಯ ಬೆಸುಗೆ ಕರಗಿ ಹೊಳಪು ಬಂದರೆ ಸಾಕು.

ಕನೆಕ್ಟರ್ ಮೇಲೆದ್ದು ವಾಲಿದ್ದರೆ ಅದನ್ನು ಬೆರಳಿನಿಂದ ಒತ್ತಿ ಕೂರಿಸಲು ಹೋಗಬೇಡಿ. ಕೆಳಗೆ ಇನ್ನೂ ಅಂಟಿಕೊಂಡಿರುವ ಪ್ಯಾಡ್ ಆಗಲೇ ಹರಿಯುವುದು. ಒಂದು ಬದಿಯ ಕಾಲಿನ ಸೋಲ್ಡರ್ ಪೂರ್ತಿ ಕರಗಿರುವಾಗ ಟ್ವೀಜರಿನಿಂದ ಮೆಲ್ಲಗೆ ಇಳಿಸಿ, ಆಮೇಲೆ ಇನ್ನೊಂದು ಬದಿ.

ಹಳೆಯದನ್ನು ತೆಗೆಯುವುದು

ಕಾರ್ಖಾನೆಯಿಂದ ಬರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸೀಸವಿಲ್ಲದ ಸೋಲ್ಡರ್ ಇರುತ್ತದೆ. ಅದು ಕರಗುವುದು ಸುಮಾರು 217ರಿಂದ 220 ಡಿಗ್ರಿಗೆ. ನಮ್ಮ 63/37 ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ. ಹಳೆಯದರ ಜೊತೆ ಇದನ್ನು ಧಾರಾಳವಾಗಿ ಬೆರೆಸಿದರೆ ಮಿಶ್ರಣ ಕಡಿಮೆ ಬಿಸಿಗೇ ಕರಗುತ್ತದೆ, ಜಾಸ್ತಿ ಹೊತ್ತು ಕರಗಿಯೂ ಇರುತ್ತದೆ. ತೆಗೆದು ಎಸೆಯುವ ಕನೆಕ್ಟರಿಗೆ ಹೊಸ ಸೋಲ್ಡರ್ ಹಾಕುವುದು ವಿಚಿತ್ರ ಅನ್ನಿಸಬಹುದು, ಅಲ್ವಾ? ಆದರೆ ಪ್ಯಾಡ್ ಉಳಿಯುವುದು ಈ ಹೆಜ್ಜೆಯಿಂದಲೇ.

ಬಿಸಿಗಾಳಿ ಇದ್ದರೆ ಸುತ್ತಲಿನ ಪ್ಲಾಸ್ಟಿಕ್ ಹೆಡರ್, ಬಟನ್, ಇಎಸ್‌ಪಿ32 ಮಾಡ್ಯೂಲ್ ಇವುಗಳಿಗೆ ಕ್ಯಾಪ್ಟಾನ್ ಟೇಪ್ ಅಂಟಿಸಿ. ಗಾಳಿ ಮಧ್ಯಮ, ಬಿಸಿ 350 ಡಿಗ್ರಿ ಸುತ್ತಮುತ್ತ. ನಳಿಗೆಯನ್ನು ಒಂದೇ ಕಡೆ ನಿಲ್ಲಿಸದೆ ಕನೆಕ್ಟರಿನ ಸುತ್ತ ಆಡಿಸುತ್ತಿರಿ. ಟ್ವೀಜರಿನಿಂದ ಕನೆಕ್ಟರನ್ನು ಅಡ್ಡಕ್ಕೆ ಒಂದಿಷ್ಟೇ ತಟ್ಟಿ ನೋಡಿ. ಎಲ್ಲ ಕಡೆ ಕರಗಿದ್ದರೆ ಅದು ನೀರಿನ ಮೇಲೆ ಇದ್ದಂತೆ ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಆಗ ಎತ್ತಿ. ಸರಿಯದಿದ್ದರೆ ಇನ್ನೂ ಸ್ವಲ್ಪ ಕಾಯಿರಿ. ಬೋರ್ಡಿನ ಫೈಬರ್ ಪದರವನ್ನು ಹಿಡಿದಿಡುವ ಅಂಟು ಇಷ್ಟು ಬಿಸಿಯಲ್ಲಿ ಮೆತ್ತಗಾಗಿರುತ್ತದೆ. ಸಾಮಾನ್ಯ ಬೋರ್ಡಿನಲ್ಲಿ ಅದು ಸುಮಾರು 130 ಡಿಗ್ರಿ ದಾಟಿದ ಮೇಲೇ ಸಡಿಲವಾಗತೊಡಗುತ್ತದೆ. ಆ ಹೊತ್ತಿನಲ್ಲಿ ಎಳೆದರೆ ಕನೆಕ್ಟರ್ ಜೊತೆ ತಾಮ್ರವೂ ಎದ್ದುಬರುತ್ತದೆ.

ಬರೀ ಐರನ್ ಇದ್ದವರಿಗೆ ಬೇರೆ ದಾರಿ. ಐದು ಪಿನ್ನುಗಳ ಮೇಲೆ ಉದ್ದಕ್ಕೂ ಸೋಲ್ಡರಿನ ಒಂದು ದಪ್ಪ ಕಟ್ಟೆ ಕಟ್ಟಿ. ಎಲ್ಲ ಅಂಟಿಕೊಳ್ಳಲಿ, ಈಗ ಅದೇ ಬೇಕು. ಕವಚದ ಕಾಲುಗಳಿಗೂ ತುಂಬಾ ಸೋಲ್ಡರ್ ಹಾಕಿ. ಐರನ್ 370 ಡಿಗ್ರಿಗೆ ಏರಿಸಿ, ಅಗಲ ತುದಿ ಹಾಕಿ, ಒಂದು ಬದಿಯ ಕಾಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಪಿನ್ನುಗಳಿಗೆ ಬೇಗ ಬೇಗ ಓಡಾಡಿಸಿ. ಇದು ಆಗಲಿಲ್ಲ ಅನ್ನಿಸಿದರೆ ಕವಚವನ್ನೇ ಸಣ್ಣ ಕಟ್ಟರಿನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಕತ್ತರಿಸುವಾಗ ಕಟ್ಟರ್ ಬೋರ್ಡಿಗೆ ತಾಗಬಾರದು, ಕವಚವನ್ನು ತಿರುಚಬಾರದು. ಆಮೇಲೆ ಉಳಿದ ಒಂದೊಂದು ಕಾಲನ್ನು ಬೇರೆ ಬೇರೆಯಾಗಿ ಕರಗಿಸಿ ತೆಗೆಯುವುದು ಸಲೀಸು. ಹಾಳಾದ ಕನೆಕ್ಟರನ್ನು ಇಡಿಯಾಗಿ ತೆಗೆಯಬೇಕೆಂಬ ಹಟ ಯಾಕೆ?

ಜಾಗ ಚೊಕ್ಕ ಮಾಡುವುದು

ವಿಕ್ ಮೇಲೆ ಫ್ಲಕ್ಸ್ ಹಚ್ಚಿ, ಪ್ಯಾಡ್‌ಗಳ ಮೇಲೆ ಇಟ್ಟು, ಮೇಲಿನಿಂದ ಐರನ್ ಇಡಿ. ತಾಮ್ರದ ಬಣ್ಣದ ವಿಕ್ ಬೆಳ್ಳಗಾಗುತ್ತ ಸೋಲ್ಡರ್ ಹೀರುತ್ತದೆ. ಹೀರಿದ ತಕ್ಷಣ ವಿಕ್ ಮತ್ತು ಐರನ್ ಎರಡನ್ನೂ ಒಟ್ಟಿಗೇ ನೇರ ಮೇಲಕ್ಕೆ ಎತ್ತಿ. ಐರನ್ ಮೊದಲು ತೆಗೆದರೆ ವಿಕ್ ಪ್ಯಾಡಿಗೇ ಬೆಸೆದುಕೊಳ್ಳುತ್ತದೆ, ಆಗ ಎಳೆದರೆ ಪ್ಯಾಡ್ ಹೋಗುತ್ತದೆ. ಅಡ್ಡಡ್ಡ ಉಜ್ಜುವುದೂ ಬೇಡ. ಕಿತ್ತುಬಂದ ಪ್ಯಾಡ್‌ಗಳಲ್ಲಿ ಎಷ್ಟೋ ಹಾಳಾಗುವುದು ಕನೆಕ್ಟರ್ ಹೋದಾಗ ಅಲ್ಲ, ಈ ಚೊಕ್ಕ ಮಾಡುವ ಹೊತ್ತಿನಲ್ಲಿ.

ಕವಚದ ಕಾಲಿನ ತೂತುಗಳಲ್ಲಿ ಸೋಲ್ಡರ್ ತುಂಬಿಕೊಂಡಿದ್ದರೆ ಒಂದು ಬದಿಯಿಂದ ಬಿಸಿ ಮಾಡುತ್ತ ಇನ್ನೊಂದು ಬದಿಯಿಂದ ಮರದ ಟೂತ್‌ಪಿಕ್ ತೂರಿಸಿ. ಸೋಲ್ಡರ್ ಮರಕ್ಕೆ ಹಿಡಿಯುವುದಿಲ್ಲ, ತೂತು ಬಿಟ್ಟುಕೊಳ್ಳುತ್ತದೆ. ಕೊನೆಗೆ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಒಣಗಲು ಬಿಡಿ. ಈಗ ಬೆಳಕಿನಲ್ಲಿ ನೋಡಿ: ಐದು ಪ್ಯಾಡ್ ಹೊಳೆಯುತ್ತಿವೆಯಾ? ಐಡಿ ಬಿಟ್ಟು ನಾಲ್ಕೂ ಇದ್ದರೆ ಮುಂದಿನ ಹೆಜ್ಜೆಗೆ ಹೋಗಿ. ಇಲ್ಲದಿದ್ದರೆ ಅದರ ನಂತರದ ಭಾಗ ನಿಮಗಾಗಿ.

ಹೊಸದನ್ನು ಕೂರಿಸುವುದು

ತೆಗೆಯಲು ಬಿಸಿಗಾಳಿ, ಕೂರಿಸಲು ಐರನ್. ಇದು ನನ್ನ ನಿಯಮ. ಬಿಸಿಗಾಳಿಯಲ್ಲಿ ಕೂರಿಸಲು ಹೋದರೆ ಅಭ್ಯಾಸವಿಲ್ಲದ ಕೈಯಲ್ಲಿ ಕನೆಕ್ಟರಿನ ಒಳಗಿನ ಪ್ಲಾಸ್ಟಿಕ್ ನಾಲಿಗೆ ಬಾಗಿ ಕೇಬಲ್ ಒಳಗೆ ಹೋಗದಂತಾಗುತ್ತದೆ.

ಪ್ಯಾಡ್‌ಗಳಿಗೆ ಫ್ಲಕ್ಸ್ ಹಚ್ಚಿ ಕನೆಕ್ಟರ್ ಇಡಿ. ಅದರ ಬಾಯಿ ಬೋರ್ಡಿನ ಅಂಚಿಗೆ ಸರಿಯಾಗಿರಬೇಕು, ಒಳಕ್ಕೆ ಹೋಗಿದ್ದರೆ ಕೇಬಲ್ ಪೂರ್ತಿ ಕೂರುವುದಿಲ್ಲ. ಮೊದಲು ಕವಚದ ಒಂದೇ ಕಾಲಿಗೆ ಚೂರು ಸೋಲ್ಡರ್ ಕೊಟ್ಟು ನಿಲ್ಲಿಸಿ. ಈಗ ಭೂತಗನ್ನಡಿಯಲ್ಲಿ ಐದೂ ಪಿನ್ನು ತಮ್ಮ ತಮ್ಮ ಪ್ಯಾಡ್ ಮೇಲೆ ನೇರ ಕೂತಿವೆಯಾ ನೋಡಿ. ಕಾಲು ಮಿಲಿಮೀಟರ್ ವಾರೆಯಾದರೂ ಒಂದು ಪಿನ್ನು ಎರಡು ಪ್ಯಾಡಿನ ನಡುವೆ ನಿಂತುಬಿಡುತ್ತದೆ. ವಾರೆ ಇದ್ದರೆ ಆ ಒಂದು ಕಾಲನ್ನು ಮತ್ತೆ ಕರಗಿಸಿ ಸರಿಮಾಡಿ. ನೇರ ಆದಮೇಲೆ ಓರೆಯಾಗಿ ಎದುರಿಗಿರುವ ಕಾಲನ್ನು ಬೆಸೆಯಿರಿ.

ಆಮೇಲೆ ಪಿನ್ನುಗಳು. ಮತ್ತೆ ಫ್ಲಕ್ಸ್. ಐರನ್ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಸೋಲ್ಡರ್ ಹನಿ ಇಟ್ಟುಕೊಂಡು ಪಿನ್ನು ಪ್ಯಾಡಿಗೆ ತಾಗುವ ಜಾಗಕ್ಕೆ ಮುಟ್ಟಿಸಿ. ಹನಿ ತಾನಾಗಿಯೇ ಪಿನ್ನಿನ ಉದ್ದಕ್ಕೆ ಹರಿದು ತೆಳುವಾಗುತ್ತದೆ. ಎರಡು ಪಿನ್ನು ಅಂಟಿಕೊಂಡರೆ ಗಾಬರಿ ಬೇಡ. ಐರನ್ ತುದಿ ಒರೆಸಿ, ಫ್ಲಕ್ಸ್ ಹಚ್ಚಿ, ಬರೀ ತುದಿಯನ್ನು ಪಿನ್ನಿನ ಉದ್ದಕ್ಕೆ ಹೊರಗೆ ಎಳೆಯಿರಿ, ಹೆಚ್ಚಿನ ಸೋಲ್ಡರ್ ತುದಿಗೆ ಬಂದುಬಿಡುತ್ತದೆ. ಪಿನ್ನುಗಳು ಮುಗಿದ ಮೇಲೆ ಕವಚದ ನಾಲ್ಕೂ ಕಾಲುಗಳಿಗೆ ಧಾರಾಳವಾಗಿ ಸೋಲ್ಡರ್ ಕೊಡಿ. ಎಳೆತ ತಡೆಯುವುದು ಈ ಕಾಲುಗಳು, ಇಲ್ಲಿ ಕಂಜೂಸಿ ಬೇಡ.

ಪ್ಯಾಡ್ ಕಿತ್ತುಹೋಗಿದ್ದರೆ

ಇಲ್ಲಿ ಬಹಳ ಜನ ಕೈಬಿಡುತ್ತಾರೆ. ಬಿಡಬೇಕಾಗಿಲ್ಲ. ಪ್ಯಾಡ್ ಹೋದರೂ ಅದಕ್ಕೆ ಬರುತ್ತಿದ್ದ ತಾಮ್ರದ ಗೆರೆ ಸಾಮಾನ್ಯವಾಗಿ ಉಳಿದಿರುತ್ತದೆ. ಪ್ಯಾಡ್ ಇದ್ದ ಜಾಗದಿಂದ ಆ ಗೆರೆ ಎಲ್ಲಿಗೆ ಹೋಗುತ್ತದೆ ಎಂದು ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಡೇಟಾದ ಎರಡು ಗೆರೆಗಳು ಪಕ್ಕಪಕ್ಕದಲ್ಲೇ, ಕಂಪ್ಯೂಟರಿನ ಜೊತೆ ಮಾತನಾಡುವ ಯುಎಸ್‌ಬಿ ಚಿಪ್ಪಿನ ಕಡೆ ಓಡುತ್ತವೆ.

ಗೆರೆ ಕಂಡರೆ, ಬ್ಲೇಡಿನ ತುದಿಯಿಂದ ಒಂದೆರಡು ಮಿಲಿಮೀಟರ್ ಉದ್ದಕ್ಕೆ ಮೇಲಿನ ಬಣ್ಣದ ಪದರ ಕೆರೆಯಿರಿ. ಕೊಯ್ಯಬೇಡಿ, ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯಿರಿ. ಹೊಳೆಯುವ ತಾಮ್ರ ಕಂಡ ಕೂಡಲೇ ನಿಲ್ಲಿಸಿ. ಫ್ಲಕ್ಸ್ ಹಚ್ಚಿ ತೆಳುವಾಗಿ ಸೋಲ್ಡರ್ ಸವರಿ. ಮೊಬೈಲ್ ರಿಪೇರಿಯವರು ಜಂಪರ್ ವೈರ್ ಎಂದು ಮಾರುವ, 0.1 ಮಿಲಿಮೀಟರಿನ ಎನಾಮಲ್ ತಂತಿ ತೆಗೆದುಕೊಳ್ಳಿ. ಸಿಗದಿದ್ದರೆ ತೆಳುವಾದ ಫ್ಲೆಕ್ಸಿಬಲ್ ವೈರಿನಿಂದ ಒಂದೇ ಎಳೆ ಬಿಡಿಸಿಕೊಂಡರೂ ಆಗುತ್ತದೆ, ಅದರ ಕೆಳಗೆ ಕ್ಯಾಪ್ಟಾನ್ ಟೇಪ್ ಹಾಕಬೇಕು ಅಷ್ಟೇ. ಮೊದಲು ಗೆರೆಗೆ ಬೆಸೆದು, ಆಮೇಲೆ ಕನೆಕ್ಟರಿನ ಪಿನ್ನಿಗೆ ಬೆಸೆಯಿರಿ. ಕೊನೆಗೆ ಅದರ ಮೇಲೆ ಯುವಿ ಬೆಳಕಿಗೆ ಗಟ್ಟಿಯಾಗುವ ಯುವಿ ಮಾಸ್ಕ್ ಒಂದು ಹನಿ ಹಾಕಿ ಯುವಿ ದೀಪದಲ್ಲಿ ಒಣಗಿಸಿದರೆ ತಂತಿ ಅಲ್ಲಾಡುವುದಿಲ್ಲ.

ಗೆರೆಯೂ ಹೋಗಿದ್ದರೆ ನೇರ ಚಿಪ್ಪಿಗೇ ಹೋಗಬೇಕು. ನಿಮ್ಮ ಬೋರ್ಡಿನಲ್ಲಿ ಸಿಎಚ್340ಸಿ ಚಿಪ್ ಇದ್ದರೆ ಅದೃಷ್ಟ. ಅದರ ಕಾಲುಗಳು ಹೊರಗೆ ಕಾಣುತ್ತವೆ, 1.27 ಮಿಲಿಮೀಟರ್ ಅಂತರದಲ್ಲಿವೆ. ಚುಕ್ಕೆ ಇರುವ ಮೂಲೆಯದು 1ನೇ ಕಾಲು, ಅಲ್ಲಿಂದ ಎಣಿಸಿ 5ನೆಯದು ಡಿ ಪ್ಲಸ್, 6ನೆಯದು ಡಿ ಮೈನಸ್. ಸಿಪಿ2102 ಇದ್ದರೆ 4ನೆಯದು ಡಿ ಪ್ಲಸ್, 5ನೆಯದು ಡಿ ಮೈನಸ್. ಆದರೆ ಅದರ ಕಾಲುಗಳು ಹೊಟ್ಟೆಯ ಕೆಳಗಿವೆ, ಅಂತರ ಬರೀ 0.5 ಮಿಲಿಮೀಟರ್. ಅದಕ್ಕೆ ನೇರ ಬೆಸೆಯುವುದಕ್ಕಿಂತ ದಾರಿಯಲ್ಲಿ ಸಿಗುವ ಸಣ್ಣ ರೆಸಿಸ್ಟರ್ ಅಥವಾ ಯುಎಸ್‌ಬಿ ಹತ್ತಿರದ ರಕ್ಷಣೆಯ ಡಯೋಡ್ ಇದ್ದರೆ ಅದರ ತುದಿಗೆ ಬೆಸೆಯುವುದು ಮೇಲು. ಯಾವುದು ಎಲ್ಲಿಗೆ ಸೇರಿದೆ ಎಂದು ಮೀಟರ್ ಬೀಪ್ ಹೇಳುತ್ತದೆ. ಈ ಎರಡು ಚಿಪ್ಪುಗಳೂ ಸೆಕೆಂಡಿಗೆ 12 ಮೆಗಾಬಿಟ್ ವೇಗದಲ್ಲಿ ಕೆಲಸ ಮಾಡುವಂಥವು, ಒಂದೆರಡು ಸೆಂಟಿಮೀಟರ್ ತಂತಿಯನ್ನು ತಡೆದುಕೊಳ್ಳುತ್ತವೆ. ಎರಡು ತಂತಿಗಳನ್ನೂ ಚಿಕ್ಕದಾಗಿ, ಒಂದೇ ಉದ್ದಕ್ಕೆ, ಜೊತೆಜೊತೆಗೆ ಒಯ್ಯಿರಿ.

5 ವೋಲ್ಟಿನ ಪ್ಯಾಡ್ ಹೋಗಿದ್ದರೆ ಒಂದು ಎಚ್ಚರಿಕೆ. ಬಹಳಷ್ಟು ಇಎಸ್‌ಪಿ32 ಬೋರ್ಡುಗಳಲ್ಲಿ ಯುಎಸ್‌ಬಿಯ 5 ವೋಲ್ಟ್ ಒಂದು ಡಯೋಡ್ ದಾಟಿ ವಿನ್ ಪಿನ್ನಿಗೆ ಬರುತ್ತದೆ. ತಂತಿಯನ್ನು ಸುಮ್ನೆ ವಿನ್ ಪಿನ್ನಿಗೆ ಹಾಕಿದರೆ ದೀಪವೇನೋ ಹತ್ತುತ್ತದೆ, ಆದರೆ ಡಯೋಡಿನ ಆಚೆ ಬದಿಗೆ ಸೇರಿದ ಯುಎಸ್‌ಬಿ ಚಿಪ್ಪಿಗೆ 5 ವೋಲ್ಟ್ ತಲುಪದೆ ಪೋರ್ಟ್ ಬಾರದೇ ಇರಬಹುದು. ಡಯೋಡಿನ ಮೇಲೆ ಗೆರೆ ಇರುವುದು ವಿನ್ ಕಡೆ. ಗೆರೆ ಇಲ್ಲದ ತುದಿಗೆ ತಂತಿ ಬೆಸೆಯಿರಿ.

ಕವಚದ ಪ್ಯಾಡ್‌ಗಳೂ ಹೋಗಿ ಕನೆಕ್ಟರಿಗೆ ನಿಲ್ಲಲು ಜಾಗವೇ ಇಲ್ಲ ಅಂದರೆ ಕನೆಕ್ಟರಿನ ಆಸೆ ಬಿಟ್ಟು ಕೇಬಲ್ಲನ್ನೇ ಬೋರ್ಡಿಗೆ ಬೆಸೆದುಬಿಡಿ. ಚೆಂದ ಕಾಣುವುದಿಲ್ಲ, ಆದರೆ ಗಟ್ಟಿ. ಹಳೆಯ ಡೇಟಾ ಕೇಬಲ್ ಕತ್ತರಿಸಿದರೆ ಒಳಗೆ ಕೆಂಪು 5 ವೋಲ್ಟ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್, ಕಪ್ಪು ಗ್ರೌಂಡ್. ಅಗ್ಗದ ಕೇಬಲ್‌ಗಳಲ್ಲಿ ಬಣ್ಣವನ್ನು ನಂಬಬೇಡಿ, ಕಂಪ್ಯೂಟರಿಗೆ ಚುಚ್ಚುವ ತುದಿಯಿಂದ ಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. ಕೇಬಲ್ಲಿನ ದಪ್ಪ ಹೊದಿಕೆಯನ್ನು ಬೋರ್ಡಿಗೆ ಜಿಪ್ ಟೈ ಹಾಕಿ ಬಿಗಿಯಿರಿ. ಬೆಸುಗೆಯ ಮೇಲೆ ಎಳೆತ ಬೀಳಬಾರದು.

ಚುಚ್ಚುವ ಮುಂಚೆ

ಆಲ್ಕೋಹಾಲ್ ಹಾಕಿ ಚೊಕ್ಕ ಮಾಡಿ ಒಣಗಿಸಿ. ಮೀಟರಿನಲ್ಲಿ ಪಕ್ಕಪಕ್ಕದ ಪಿನ್ನುಗಳನ್ನು ಎರಡೆರಡಾಗಿ ನೋಡಿ. ಐಡಿ ಮತ್ತು ಗ್ರೌಂಡ್ ನಡುವೆ ಕೆಲವು ಬೋರ್ಡುಗಳಲ್ಲಿ ಬೀಪ್ ಬರಬಹುದು, ಉಳಿದ ಯಾವ ಜೋಡಿಯಲ್ಲೂ ಬರಬಾರದು. ಮುಖ್ಯವಾಗಿ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ರೆಸಿಸ್ಟನ್ಸ್ ಅಳೆಯಿರಿ. ಕೆಪಾಸಿಟರ್ ತುಂಬುತ್ತಿದ್ದಂತೆ ಅಂಕಿ ಏರುತ್ತ ಹೋದರೆ ಸರಿ. ಸೊನ್ನೆ ಹತ್ತಿರವೇ ನಿಂತರೆ ಎಲ್ಲೋ ಶಾರ್ಟ್ ಇದೆ, ಚುಚ್ಚಬೇಡಿ.

ಮೊದಲ ಸಲ ಲ್ಯಾಪ್‌ಟಾಪಿಗೆ ಬೇಡ, ಹಳೆಯ ಚಾರ್ಜರಿಗೋ ಪವರ್ ಬ್ಯಾಂಕಿಗೋ ಚುಚ್ಚಿ. ವಿನ್ ಪಿನ್ನಿನಲ್ಲಿ ಡಯೋಡ್ ಸ್ವಲ್ಪ ತಿಂದು ಸುಮಾರು 4.7 ವೋಲ್ಟ್, 3ವಿ3 ಪಿನ್ನಿನಲ್ಲಿ 3.3 ವೋಲ್ಟ್ ಬರಬೇಕು. ಯಾವ ಭಾಗವೂ ಕೈಸುಡುವಷ್ಟು ಬಿಸಿಯಾಗಬಾರದು. ಆಮೇಲೆ ಕಂಪ್ಯೂಟರ್. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಚುಚ್ಚಿದರೆ ಪೋರ್ಟ್ ಬರುವುದು ಕಣ್ಣಿಗೇ ಕಾಣುತ್ತದೆ.

ಕರೆಂಟ್ ಬಂತು, ಆದರೆ ಕಂಪ್ಯೂಟರ್ ಏನೂ ಗೊತ್ತಿಲ್ಲದಂತೆ ಸುಮ್ಮನಿದೆ ಎಂದರೆ ಡೇಟಾ ಪಿನ್ನು ತಾಗಿಲ್ಲ. ಚುಚ್ಚಿದ ಸದ್ದು ಬಂದು "ಈ ಸಾಧನ ಗುರುತಿಸಲಾಗುತ್ತಿಲ್ಲ" ಎಂದು ಬೈದರೆ ಡಿ ಪ್ಲಸ್ ಮತ್ತು ಡಿ ಮೈನಸ್ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಈ ವೇಗದ ಸಾಧನಗಳು ಡಿ ಪ್ಲಸ್ ಗೆರೆಯನ್ನು ಮೇಲಕ್ಕೆಳೆದು "ನಾನಿದ್ದೇನೆ" ಎಂದು ತಿಳಿಸುತ್ತವೆ. ಗೆರೆ ಅದಲುಬದಲಾದರೆ ಕಂಪ್ಯೂಟರ್ ಅದನ್ನು ನಿಧಾನ ವೇಗದ ಸಾಧನ ಎಂದುಕೊಂಡು ಮಾತನಾಡಿಸುತ್ತದೆ, ಉತ್ತರ ಬರುವುದಿಲ್ಲ. ಇದರಿಂದ ಏನೂ ಸುಡುವುದಿಲ್ಲ, ಎರಡು ತಂತಿ ಬದಲಿಸಿದರೆ ಮುಗಿಯಿತು.

ಮತ್ತೆ ಕಿತ್ತುಬರದಂತೆ

ಎಲ್ಲ ಕೆಲಸ ಮಾಡುತ್ತಿದೆ ಎಂದು ಖಚಿತವಾದ ಮೇಲೆ ಕವಚದ ಎರಡು ಬದಿಗೂ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ ಹಚ್ಚಿ. ಬೋರ್ಡನ್ನು ಮಲಗಿಸಿಯೇ ಒಣಗಿಸಿ, ಅಂಟು ಬಾಯಿಯೊಳಗೆ ಇಳಿಯಬಾರದು. ಸೂಪರ್ ಗ್ಲೂ ಬೇಡ. ಅದು ನೀರಿನಂತೆ ಹರಿದು ಕನೆಕ್ಟರಿನ ಒಳಗೆ ಸೇರುತ್ತದೆ, ಎಳೆತಕ್ಕೆ ಬಿರುಕೂ ಬಿಡುತ್ತದೆ. ಬೋರ್ಡು ದಿನವೂ ಬಳಕೆಯಲ್ಲಿದ್ದರೆ ಅದಕ್ಕೊಂದು ಚಿಕ್ಕ ಕೇಬಲ್ ಶಾಶ್ವತವಾಗಿ ಚುಚ್ಚಿ, ಪೆಟ್ಟಿಗೆಗೆ ಕಟ್ಟಿಬಿಡಿ. ಚುಚ್ಚಿ ತೆಗೆಯುವುದೆಲ್ಲ ಆ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ನಡೆಯಲಿ.

ಬೇರೆ ಕನೆಕ್ಟರ್‌ಗಳು

ಆರ್ಡುಯಿನೊ ಊನೊದ ಚೌಕ ಯುಎಸ್‌ಬಿ ಕನೆಕ್ಟರಿನ ಕಾಲುಗಳು ಬೋರ್ಡಿನ ತೂತಿಗೆ ಇಳಿದಿರುತ್ತವೆ, ಹೊಸಬರು ಕಲಿಯಲು ಅದೇ ಒಳ್ಳೆಯದು. ಹೊಸ ಬೋರ್ಡುಗಳ ಟೈಪ್ ಸಿ ಇದಕ್ಕಿಂತ ಕಷ್ಟ, ಪಿನ್ನುಗಳ ಅಂತರ 0.5 ಮಿಲಿಮೀಟರ್. ಆದರೆ ಅದರಲ್ಲೂ ಎಲ್ಲ ಪಿನ್ನು ಬೇಕಿಲ್ಲ. ಸಿಸಿ ಎಂಬ ಎರಡು ಪಿನ್ನುಗಳ ಪ್ಯಾಡ್ ಹೋಗಿದ್ದರೆ ಎರಡೂ ತುದಿ ಟೈಪ್ ಸಿ ಇರುವ ಕೇಬಲ್ಲಿನಲ್ಲಿ ಕರೆಂಟ್ ಬರುವುದಿಲ್ಲ, ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ಲಿನಲ್ಲಿ ಬರುತ್ತದೆ.

ಬ್ಯಾಟರಿಯ ಎರಡು ಪಿನ್ನಿನ ಜೆಎಸ್‌ಟಿ ಕನೆಕ್ಟರ್ ಬದಲಿಸುವವರು ಪ್ಲಸ್ ಮೈನಸ್ ನೋಡದೆ ಬ್ಯಾಟರಿ ಚುಚ್ಚಬೇಡಿ. ಯಾವ ಪಿನ್ನು ಪ್ಲಸ್ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ, ಒಂದು ಅಂಗಡಿಯ ಬ್ಯಾಟರಿ ಇನ್ನೊಂದು ಕಂಪನಿಯ ಬೋರ್ಡಿಗೆ ಉಲ್ಟಾ ಇರುವುದು ಮಾಮೂಲು. ಬೋರ್ಡಿನ ಗುರುತು ನೋಡಿ, ಬ್ಯಾಟರಿಯ ವೋಲ್ಟೇಜನ್ನು ಮೀಟರಿನಲ್ಲಿ ನೋಡಿ, ಎರಡೂ ಹೊಂದಿದರೆ ಮಾತ್ರ ಜೋಡಿಸಿ. ಉಲ್ಟಾ ಇದ್ದರೆ ಕನೆಕ್ಟರಿನ ಒಳಗಿನ ಸಣ್ಣ ಲಾಕನ್ನು ಸೂಜಿಯಿಂದ ಎತ್ತಿ, ವೈರುಗಳನ್ನು ಒಂದೊಂದಾಗಿ ಹೊರಗೆಳೆದು ಜಾಗ ಬದಲಿಸಬಹುದು. ಹಾಗೆ ಮಾಡುವಾಗ ಎರಡೂ ವೈರಿನ ತುದಿ ಒಂದಕ್ಕೊಂದು ತಾಗದಂತೆ ಹೊರಬಂದ ಮೊದಲನೆಯದಕ್ಕೆ ತಕ್ಷಣ ಟೇಪ್ ಸುತ್ತಿ.